ಖಾಲಿ ಬಿದ್ದ ಸಾಲು

"ಮೊಗ್ಗು ಹಿಸಕಬ್ಯಾಡ ತಂಗಿ, ಅದೇನ್ ನಿನ್ನ ವೈರಿ ಅಲ್ಲ!"

ಗಿಡದ ಕರೆ ಹತ್ತಿ ಕಪ್ಪಾದ ಬೆರಳೆತ್ತಿ ದಾನವ್ವ ಗದರಿದಳು. ನಾಗರತ್ನಾ ಚಿಮಟ ಸಡಿಲಿಸಿದಳು. ಮಾಸೂರಿನ ಈ ಬಲೆ ಹೊದಿಸಿದ ನೆಟ್‌ಹೌಸಿನಲ್ಲಿ ಅವಳಿಗೆ ಅದು ಮೊದಲ ದಿನ. ಟೊಮೆಟೊ ಬೀಜಕ್ಕಾಗಿ ಕ್ರಾಸಿಂಗ್ ಕೆಲಸ: ಅರಳುವ ಮೊದಲೇ ಮೊಗ್ಗು ಬಿಡಿಸಿ ಗಂಡುಭಾಗ ಕೀಳಬೇಕು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಯಾರೋ ಬಾರದೆ ಖಾಲಿ ಬಿದ್ದ ಸಾಲನ್ನು, ಅವರದೇ ಚಿಮಟದ ಸಮೇತ, ಮೇಸ್ತ್ರಿ ದಾನವ್ವ ಅವಳಿಗೆ ಕೊಟ್ಟಿದ್ದಳು.

ಪಿಯುಸಿ ಮುಗಿದಿತ್ತು. ನಾಳೆ ಬಿ.ಎಸ್ಸಿ.ಗೆ ಹೆಸರು ಬರೆಸಬೇಕು. ಯಾವ ವಿಷಯವೆಂದು ಗೊತ್ತಿರಲಿಲ್ಲ. ಅವ್ವನ ಹಾಗೆ ಈ ಬಲೆಯೊಳಗೆ ಬೆನ್ನು ಬಗ್ಗಿಸಿ ಸಾಯಬಾರದು; ಅಷ್ಟು ಮಾತ್ರ ಗೊತ್ತಿತ್ತು.

ಹೊರಬಾಗಿಲು ಮುಚ್ಚಿ, ಆಮೇಲಷ್ಟೇ ಒಳಬಾಗಿಲು ತೆರೆದು ಒಬ್ಬರು ಬಂದರು. ಹುಳ ನುಗ್ಗದಿರಲು ಹಾಗೇ ಬರಬೇಕೆಂಬುದನ್ನು ನಾಗರತ್ನಾ ಬೈಸಿಕೊಂಡು ಕಲಿತಿದ್ದಳು. ಇವರಿಗೆ ಯಾರೂ ಹೇಳಬೇಕಾಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಚೀಲದ ತುಂಬ ಕಾಲೇಜಿನ ಪಾಂಪ್ಲೆಟ್.

"ಅಫ್ಜಲ ಸರ್ ಇವ್ರು. ಹಿರೇಕೆರೂರ ಕಡೆ ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರು, ಬಯೋಟೆಕ್ನಾಲಜಿ ಕಲಸ್ತಾರ," ಎಂದಳು ದಾನವ್ವ. "ಕೇಳವ್ವ, ಏನ್ ಕೇಳ್ತಿ ಕೇಳು."

"ಅದನ್ನ ಕಲಿತ್ರ ಕೆಲಸ ಸಿಗ್ತೈತೇನ್ರಿ ಸರ?"

"ಯಾಕ ಸಿಗೂದಿಲ್ಲ? ಬೀಜ, ಔಷಧಿ, ಲ್ಯಾಬು. ನಾ ಎಂ.ಎಸ್ಸಿ. ಮಾಡೇನಿ. ಖಾಲಿ ಕುಂತಿಲ್ಲ."

"ದೂರ ಹೋಗಬೇಕೇನ್ರಿ?"

"ಇಲ್ಲೇ ಸುತ್ತಮುತ್ತನೂ ಸಿಗ್ತೈತಿ."

ದಾನವ್ವ ಕಿಸಕ್ಕನೆ ನಕ್ಕಳು. "ಕಲಿತ ಕೈ ಯಾರು ಬಿಡ್ತಾರ ತಗೋರಿ."

ಅಫ್ಜಲ ಸರ್ ಅವರ ಹೆಬ್ಬೆರಳು ಕಪ್ಪಾಗಿತ್ತು. ಲ್ಯಾಬಿನ ಔಷಧಿ ಇರಬೇಕು. ಮಾತಾಡುತ್ತಲೇ ಅವಳ ಚಿಮಟ ತೆಗೆದುಕೊಂಡು ಒಂದು ಮೊಗ್ಗು ಬಿಡಿಸಿದರು. ಹೂವಿಗೇ ಗೊತ್ತಾಗಲಿಲ್ಲ. ನಾಗರತ್ನಾ ಬೆರಗಾದಳು. ಓದೆಂದರೆ ಇದು!

"ನನ್ನ ಹೆಸರು ಬರಕೊಳ್ರಿ ಸರ."

ಬರೆದುಕೊಂಡರು. ಅವಳ ಮುಖ ನೋಡಲಿಲ್ಲ. "ಇನ್ನ ನಾಕು ಮಂದಿ ಸಿಕ್ರ ಕೋರ್ಸ್ ಉಳೀತೈತಿ," ಎಂದು ತಮಗೇ ಹೇಳಿಕೊಂಡು, ಚಿಮಟ ಮರಳಿಸಿ, ಬಾಗಿಲ ಕಡೆ ನಡೆದರು. ಹೊರಗೆ ಹೋಗಲಿಲ್ಲ. ಗೂಟಕ್ಕೆ ತೂಗುತ್ತಿದ್ದ ಕಲೆಬಿದ್ದ ಹಳೆಯ ಅಂಗಿಯನ್ನು ಮೇಲೆ ಹಾಕಿಕೊಂಡರು.

"ನೀವು ಹುಡುಗರನ್ನ ಹುಡುಕ್ಕೋತ ಊರೂರು ಅಡ್ಡಾಡಿದ್ರಿ. ನಿಮ್ಮ ಸಾಲು ಈಕಿಗೆ ಕೊಟ್ಟೇನಿ," ಎಂದಳು ದಾನವ್ವ. "ಆ ಕಡೀದು ಹಿಡೀರಿ. ಕೂಲಿ ಮೊದಲಿನಷ್ಟ."

"ಚಿಮಟಾನೂ ಆಕಿ ಹತ್ರನ ಇರ್ಲಿ," ಎಂದರು ಅಫ್ಜಲ ಸರ್. "ಡಿಗ್ರಿ ಆದ ಮ್ಯಾಲ ಬೇಕಾಕ್ಕೈತಿ."