ಇಲಾರಿಯಾ ಅಜ್ಜಿಯ ಮನೆಗೆ ಜನಗಣತಿ

“ಮನೇಲಿ ಎಷ್ಟು ಜನ ಇದ್ದೀರಿ ಅಜ್ಜಿ?” ಜನಗಣತಿಯ ಹುಡುಗಿ ಯೆಸೆನಿಯಾ ಮೂರನೇ ಸಲ ಕೇಳಿದಳು.

“ಹೇಳಿದ್ನಲ್ಲ ಮಗಳೇ, ಇಬ್ರು. ನಾನು, ನನ್ನ ಸೊಸೆ ರೆಯ್ನಾ.”

ಅಂಗಳದ ಹಗ್ಗದ ಮೇಲೆ ಗಂಡಸರ ನಾಲ್ಕು ಅಂಗಿಗಳು ಒಣಗುತ್ತಿದ್ದವು. ಯೆಸೆನಿಯಾ ಅತ್ತ ನೋಡಿದಳು. ಅವಳು ನೋಡಿದ್ದನ್ನು ಇಲಾರಿಯಾ ಅಜ್ಜಿ ನೋಡಿದಳು. ಜೊಂಡಿನ ಚಾಪೆ ಹೆಣೆಯುವ ಕೈ ಮಾತ್ರ ತಡವರಿಸಲಿಲ್ಲ. “ಊರವರ ಬಟ್ಟೆ ಒಗೆದು ಕೊಡ್ತೀವಿ,” ಎಂದಳು.

ಒಲೆಯ ಮುಂದೆ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ತಟ್ಟುತ್ತಿದ್ದ ರೆಯ್ನಾಗೆ ತಡೆಯಲಾಗಲಿಲ್ಲ. “ಅತ್ತೆ, ಯಾರಿಗೆ ಹೆದರಿ ಸುಳ್ಳು ಹೇಳ್ತೀರಿ? ಬರ್ಕೋ ತಾಯಿ. ನನ್ನ ಗಂಡ ಹೆನಾರೋ, ಮತ್ತೆ ಇಬ್ರು ಗಂಡುಮಕ್ಳು. ಒಟ್ಟು ಐದು.”

ಅಜ್ಜಿ ಮುಚ್ಚಿಟ್ಟಿದ್ದ ಮಗನೂ ಮೊಮ್ಮಕ್ಕಳೂ ಕಣ್ಣೆದುರೇ ಹಾಳೆಯ ಮೇಲೆ ಇಳಿದುಬಿಟ್ಟರು.

“ಧರ್ಮ?”

“ನಾನು ಕ್ಯಾಥೊಲಿಕ್. ಇವಳು ಮೂರು ವರ್ಷದಿಂದ ಪಾಸ್ಟರ್ ಕಡೆ, ಆ ಚಪ್ಪಾಳೆ ಹೊಡ್ಯೋ ಪಂಗಡ. ನಿಂದ್ಯಾವುದು?”

“ನಂದು ಕೇಳೋ ಹಂಗಿಲ್ಲ ಅಜ್ಜಿ.”

“ಕೇಳಿದ್ಯಾ ರೆಯ್ನಾ? ನಮ್ಮ ಹೊಟ್ಟೆಯೊಳಗಿನದೆಲ್ಲ ಇವಳಿಗೆ ಬೇಕು, ತನ್ನದು ಮಾತ್ರ ಬಾಯಿ ಬಿಡಂಗಿಲ್ಲ!”

ಹುಡುಗಿ ನಕ್ಕಳು. ಎಲ್ ಸಾಲ್ವಡಾರ್ ದೇಶದ ತಲೆಗಳನ್ನೆಲ್ಲ ಎಣಿಸಿ ಮುಗಿಸಲು ಇನ್ನು ಎರಡೇ ದಿನ ಉಳಿದಿತ್ತು, ನಾವಿಸಾಲ್ಕೊ ಊರಿನ ಈ ಓಣಿಯೊಂದೇ ಅವಳ ಅರ್ಧ ದಿನ ತಿಂದಿತ್ತು. ಆದರೂ ಸಮಾಧಾನದಿಂದಲೇ ಮುಂದಿನ ಪ್ರಶ್ನೆ ಓದಿದಳು. “ನಿಮ್ಮನ್ನ ನೀವು ಯಾರು ಅಂದ್ಕೋತೀರಿ? ಬಿಳಿಯರು, ಮಿಶ್ರ ರಕ್ತದವರು, ಕರಿಯರು, ಇಲ್ಲಾ ಮೂಲನಿವಾಸಿಗಳು?”

ಈಗ ಅಜ್ಜಿಯ ಕೈ ನಿಂತಿತು. “ಮಿಶ್ರ,” ಎಂದಳು. “ಈ ಓಣೀಲಿ ಎಲ್ಲಾ ಮಿಶ್ರನೇ.”

ಯೆಸೆನಿಯಾ ಪೆನ್ನು ಇಳಿಸಿದಳು. ಮುದುಕಿಯ ಮನಸ್ಸು ಗೆಲ್ಲಬೇಕೆಂದು ಮೊಣಕಾಲೂರಿ ಕೂತು, ಶಾಲೆಯಲ್ಲಿ ಕಲಿತಿದ್ದ, ಮೂಲನಿವಾಸಿಗಳ ನಾವಾಟ್ ಭಾಷೆಯಲ್ಲಿ ಮೆಲ್ಲನೆ ಕೇಳಿದಳು: “ಕೆನ್ ತಿನೆಮಿ, ನಾಂತ್ಸಿನ್?”

ಹೇಗಿದ್ದೀರಿ, ತಾಯಿ? ಎಪ್ಪತ್ತೈದು ವರ್ಷಗಳಿಂದ ಅಪರಿಚಿತರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ. ಅಜ್ಜಿಯ ನಾಲಿಗೆ ತಾನಾಗಿಯೇ ಏಳಲು ಹೋಯಿತು. ಹಲ್ಲು ಕಚ್ಚಿ ಹಿಡಿದಳು.

“ಏನಂದ್ಲು ಅತ್ತೆ?” ರೆಯ್ನಾ ಕೇಳಿದಳು.

“ನಂಗೇನು ಗೊತ್ತು! ಕೆಮ್ಮಿದ್ಲೇನೋ.”

“ಮೂಲನಿವಾಸಿ ಅಂತ್ಲೇ ಬರೆಸಿ ಅತ್ತೆ. ಬೀಜ, ಗೊಬ್ಬರ ಕೊಡ್ತಾರಂತೆ. ಏನಿಲ್ಲಾಂದ್ರೂ ಎಲ್ಲರ ಕೈಗೂ ಒಂದು ಚೀಟಿ ಕೊಡ್ತಾರಂತೆ, ಸಂಘದವರು ಹೇಳಿದ್ರು.”

ಚೀಟಿ! ಮೂವತ್ತೆರಡನೇ ಇಸವಿಯಲ್ಲೂ ಹೀಗೇ ಒಬ್ಬ ಬಂದಿದ್ದ. ಹೀಗೇ ಈ ಓಣಿಯವರದೇ ಭಾಷೆಯಲ್ಲಿ, ಮನೆಮನೆಗೆ ಹೋಗಿ, ಇಂಪಾಗಿ ಮಾತಾಡಿದ್ದ. ಮೂಲನಿವಾಸಿ ರೈತರ ದಂಗೆಯಲ್ಲಿ ಸೇರದವರು ಊರ ಚೌಕಕ್ಕೆ ಬನ್ನಿ, ಹೆಸರು ಬರೆಸಿ, ನಿರಪರಾಧಿ ಅಂತ ಚೀಟಿ ತಗೊಂಡು ಹೋಗಿ ಎಂದಿದ್ದ. ಇಲಾರಿಯಾಳ ಅಪ್ಪ ಸ್ನಾನ ಮಾಡಿ, ಒಗೆದ ಬಿಳಿ ಬಟ್ಟೆ ಉಟ್ಟು, ತಡವಾದರೆ ಚೀಟಿ ಮುಗಿದೀತೆಂದು ಬಿರಬಿರನೆ ಹೋಗಿ ಸಾಲಿನಲ್ಲಿ ಮುಂದೆಯೇ ನಿಂತಿದ್ದ. ಸಿಪಾಯಿಗಳು ಗುಂಡು ಹಾರಿಸಿದ್ದೂ ಸಾಲಿನ ಮುಂದಿನಿಂದಲೇ. ಮಾರನೆಯ ದಿನ ಅವ್ವ ತಮ್ಮ ಜನರ ಗುರುತಾದ ಕೈಮಗ್ಗದ ಲಂಗವನ್ನು ಹೂತುಹಾಕಿ, ಮಕ್ಕಳಿಗೆ ಹೇಳಿದ್ದಳು: ಇನ್ನು ಆ ಮಾತು ಆಡಿದರೆ ನಾಲಿಗೆ ಸುಡ್ತೀನಿ.

“ಮಿಶ್ರ ಅಂತ ಬರಿ,” ಎಂದಳು ಅಜ್ಜಿ. “ಐದೂ ಜನಕ್ಕೆ ಅದೇ ಬರಿ.”

“ಆಯ್ತು ಅಜ್ಜಿ. ನೀವು ಹೇಳಿದ್ದನ್ನೇ ಬರೀಬೇಕು ನಾನು. ಬರ್ದೆ.”

“ಓದು.”

“ಮಿಶ್ರ, ಮಿಶ್ರ, ಮಿಶ್ರ, ಮಿಶ್ರ, ಮಿಶ್ರ.”

“ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ರೆಯ್ನಾ, ನೀನು ಬೈಬಲ್ ಓದ್ತೀಯಲ್ಲ, ಬಾ ಇಲ್ಲಿ, ಇದನ್ನೋದು.”

ರೆಯ್ನಾ ಹಿಟ್ಟಿನ ಕೈ ಒರೆಸಿಕೊಂಡು ಬಂದು ಹಾಳೆಯ ಮೇಲೆ ಬಾಗಿದಳು. “ಅಕ್ಷರ ಎಲ್ಲಿದೆ ಅತ್ತೆ? ಬರೀ ಅಂಕಿ.”

“ಎರಡು ಅಂದ್ರೆ ಮಿಶ್ರ,” ಯೆಸೆನಿಯಾ ವಿವರಿಸಿದಳು. “ಹಾಗಂತ ಗುರುತು.”

“ಹೌದಾ,” ಎಂದಳು ಅಜ್ಜಿ. ಎಷ್ಟು ಹೊತ್ತಾದರೂ ಆ ಎರಡುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹೊರಡುವಾಗ ಹುಡುಗಿ ಚೀಲದಿಂದ ಅಂಗೈಯಗಲದ ನೀಲಿ ಕಾಗದವೊಂದನ್ನು ತೆಗೆದು, ಬಾಗಿಲಿಗೆ ಅಂಟಿಸಿ, ಅಂಗೈಯಿಂದ ತಟ್ಟಿ ಕೂರಿಸಿದಳು. ಈ ಮನೆ ಎಣಿಸಿಯಾಯಿತೆಂಬ ಗುರುತು ಅದು. ಅವಳ ಕೊಡೆ ಓಣಿಯ ತಿರುವು ದಾಟುವವರೆಗೂ ಅಜ್ಜಿ ಹೊಸಿಲಲ್ಲೇ ನಿಂತಿದ್ದಳು. ಆಮೇಲೆ ಜೊಂಡು ಸೀಳುವ ಚಾಕು ಹಿಡಿದು ಬಾಗಿಲಿಗೆ ಬಂದಳು.

“ಕೀಳಬೇಡಿ ಅತ್ತೆ! ಕಿತ್ರೆ ಮತ್ತೆ ಎಣಿಸೋಕೆ ಬರ್ತಾರೆ.”

“ಬರ್ಲಿ. ಬಂದೋರಿಗೆ ಯಾವ ಮನೆ ಅಂತ ತಿಳೀಬಾರ್ದು, ಅಷ್ಟೇ.”

ಅಂಟು ಇನ್ನೂ ಹಸಿಯಾಗಿತ್ತು. ಅಜ್ಜಿ ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜುತ್ತಾ, ಚಾಕುವಿನಿಂದ ಕೆರೆಯುತ್ತಾ, ನೀಲಿಯ ಕೊನೆಯ ಚೂರನ್ನೂ ಉದುರಿಸಿದಳು. ಅವಳ ಚಾಕು ನಿಂತಿತು. ಕೆರೆಯುವ ಸದ್ದು ಮಾತ್ರ ನಿಲ್ಲಲಿಲ್ಲ. ಹೆಗಲ ಮೇಲಿಂದ ಓರೆಗಣ್ಣಲ್ಲಿ ನೋಡಿದರೆ, ತನ್ನ ತಾತ ಸ್ಪೇನಿನಿಂದ ಹಡಗಿಳಿದು ಬಂದವನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಎದುರು ಮನೆಯ ಮುದುಕ ಫುಲ್ಹೆನ್ಸಿಯೊ ಮಚ್ಚು ಹಿಡಿದು ತನ್ನ ಬಾಗಿಲು ಕೆರೆಯುತ್ತಿದ್ದ. ಅವನಾಚೆಯ ಬಾಗಿಲಲ್ಲೂ ಒಬ್ಬಳು ಮುದುಕಿ ಬಗ್ಗಿ ನಿಂತಿದ್ದಳು. ಯಾರೂ ಯಾರ ಕಡೆಗೂ ತಿರುಗಲಿಲ್ಲ.