ಮೂರು ಕಾಲಿನ ಕುದುರೆ

“ಕುದುರೆಗೆ ಮೂರೇ ಕಾಲು ಕಣೋ,” ಎಂದಳು ಅಕ್ಕ, ದಿಂಬಿಗೆ ಒರಗಿಕೊಂಡು. “ಆದ್ರೂ ಅದರ ಗತ್ತು ನೋಡ್ಬೇಕಿತ್ತು. ನನ್ನನ್ನ ಬೆನ್ನ ಮೇಲೆ ಕೂರಿಸ್ಕೊಂಡು ಹೊಳೆ ದಾಟ್ತು. ಹೊಳೇಲಿ ನೀರಿಲ್ಲ, ಬರೀ ಬಿಳಿ ಬೆಳಕು. ಆಚೆ ದಡದಲ್ಲಿ ಒಂದು ದೋಣಿ, ತಲೆಕೆಳಗಾಗಿ ನೇತಾಡ್ಕೊಂಡು ನಮ್ಮನ್ನೇ ಕಾಯ್ತಿತ್ತು.”

ತಮ್ಮ, ಕೈಯಲ್ಲಿದ್ದ ಚಹಾ ಕೊಡುವುದನ್ನೂ ಮರೆತು ಕೇಳುತ್ತಿದ್ದ. ಮೂತ್ರ ತಾನಾಗಿ ಹೋಗದವರಿಗೆ ಹಾಕುವ ಕ್ಯಾಥೆಟರ್ ಎಂಬ ತೆಳು ಕೊಳವೆಗೆ ಹೊಸ ಹೊಸ ವಿನ್ಯಾಸ ಹುಡುಕುವುದು ಅವನ ಕೆಲಸ. ಕಾರ್ಖಾನೆಯಲ್ಲಿ ಕೂತು ಎಷ್ಟೋ ವರ್ಷ ಅದನ್ನು ಬರೀ ಕೊಳವೆಯಾಗಿ ನೋಡಿದ್ದ. ಅಕ್ಕ ಮೆಟ್ಟಿಲಿನಿಂದ ಬಿದ್ದು, ಕಾಲು ಹೇಗೋ ಉಳಿದು ಮೂತ್ರ ತಾನಾಗಿ ಹೋಗುವುದು ನಿಂತ ಮೇಲೆ, ಆ ಕೊಳವೆ ಅವನ ಮನೆಗೇ ಬಂತು. ಅಕ್ಕ ಮೊದಲಿನಿಂದಲೂ ಎಡಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಮಲಗುವವಳು. ಬೇರೆ ಹೇಗೆ ಮಲಗಿದರೂ ಅವಳಿಗೆ ನಿದ್ದೆ ಹತ್ತದು. ಈಗ ಮೂತ್ರದ ಚೀಲ ಮಂಚದ ಬಲಗಡೆ ತೂಗುತ್ತದೆ, ಎಡಕ್ಕೆ ಹೊರಳಿದರೆ ಕೊಳವೆ ಜಗ್ಗುತ್ತದೆ. ಹಾಗಾಗಿ ಹಗಲೂ ರಾತ್ರಿ ಅಂಗಾತ.

ಒಳಗೆ ಹೋಗುವ ಭಾಗವನ್ನು ಮುಟ್ಟದೆ, ಹೊರಗಿನ ಕೊಳವೆಯನ್ನಷ್ಟೇ ಅವನು ಬದಲಾಯಿಸುತ್ತ ಬಂದಿದ್ದ. ಮೊದಲನೆಯದು ತೀರಾ ಮೆತ್ತಗಾಗಿ, ಮಡಿಚಿಕೊಂಡು ಕೆಟ್ಟಿತು. ಎರಡನೆಯದಕ್ಕೆ ನಡುವೆ ಸ್ಪ್ರಿಂಗಿನ ಹಾಗೆ ಸುರುಳಿ ಕೊಟ್ಟ. ಅದನ್ನು ಹಾಕಿದ ಮಾರನೆಯ ಬೆಳಿಗ್ಗೆಯಿಂದ ಅಕ್ಕನಿಗೆ ಕನಸುಗಳು ಶುರುವಾದವು. ಒಂದು ದಿನ ಕೊಡೆ ಮಾರುವ ಗೂನುಬೆನ್ನಿನ ಮುದುಕ, ಇನ್ನೊಂದು ದಿನ ಲಾಂದ್ರ ಕಚ್ಚಿಕೊಂಡು ಹಾರುವ ಹಕ್ಕಿ. ನಿದ್ದೆ ಇಲ್ಲದೆ ಕನಸು ಬೀಳುತ್ತದೆಯೇ? ತಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಯಜಮಾನರ ಫೋನು ಬಂತು. “ಏನಪ್ಪಾ, ಅಚ್ಚು ಕೊರೆಯೋಕೆ ಹೇಳಿಬಿಡ್ಲಾ? ಆಮೇಲೆ ಅದು ಬೇಕು, ಇದು ಬೇಕು ಅಂದ್ರೆ ಆಗಲ್ಲ.”

“ಹೇಳಿ ಸಾರ್. ನಮ್ಮಕ್ಕ ರಾತ್ರಿ ಕುದುರೆ ಸವಾರಿ ಮಾಡಿದಾಳೆ.”

ಒಮ್ಮೆ ಅಚ್ಚು ಕೊರೆದರೆ ಮುಗಿಯಿತು. ಮುಂದೆ ಎಷ್ಟೋ ವರ್ಷ ಎಷ್ಟೋ ಊರುಗಳ ರೋಗಿಗಳು ಆ ಕೊಳವೆ ಕಟ್ಟಿಕೊಂಡೇ ಮಲಗಬೇಕು. ಅಕ್ಕ ಚೀಲವನ್ನು ಕೈಯಲ್ಲಿ ಹಿಡಿದು, ಗೋಡೆ ಸವರಿಕೊಂಡು ಸ್ನಾನಕ್ಕೆ ಹೋದಳು. ತಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಕತೆ ಹೇಳಿ ತನ್ನನ್ನು ಮಲಗಿಸುತ್ತಿದ್ದವಳಿಗೆ ಈಗ ತಾನು ನಿದ್ದೆ ಮಾಡಿಸಿದ್ದೇನೆ. ಆ ಕನಸು ಬೀಳುವ ಜಾಗದಲ್ಲಿ ತಾನೂ ಒಂದು ಗಳಿಗೆ ಮಲಗಬೇಕೆನಿಸಿತು. ತನ್ನ ಕೆಲಸದ ಚೀಲದಿಂದ ಅಂಥದೇ ಇನ್ನೊಂದು ಮಾದರಿ ಕೊಳವೆ ತೆಗೆದು, ಪ್ಯಾಂಟಿನ ಮೇಲೆಯೇ ತೊಡೆಗೆ ಅಂಟಿಸಿ, ಇನ್ನೊಂದು ತುದಿಯನ್ನು ಮಂಚದ ಬಲಗಡೆಗೆ ಕಟ್ಟಿ, ಅಕ್ಕನ ಹಾಗೆಯೇ ಅಂಗಾತ ಮಲಗಿದ.

ನೆತ್ತಿಯ ಮೇಲೆ ಛಾವಣಿ. ಅದರ ಉದ್ದಕ್ಕೂ ಬಿರುಕು, ಬಿರುಕಿಗೆ ಬಳಿದ ಬಿಳಿ ಸುಣ್ಣ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಈಚೆಗೆ ತೇವ ಹೀರಿ ಮೂಡಿದ ಕಂದು ಕಲೆ: ಎತ್ತಿದ ಕತ್ತು, ಹರಡಿದ ಬಾಲ. ನಾಲ್ಕನೆಯ ಕಾಲಿನ ಕಡೆ ಗಾರೆ ಉದುರಿಹೋಗಿತ್ತು. ಬಿರುಕಿನ ಆಚೆಗೆ ಬಣ್ಣದ ಸಿಪ್ಪೆಯೊಂದು ದೋಣಿಯಾಗಿ ಬಾಗಿ ತಲೆಕೆಳಗೆ ನೇತಾಡುತ್ತಿತ್ತು. ಮೂಲೆಯಲ್ಲಿ ಗೂನುಬೆನ್ನಿನ ಮುದುಕ, ದೀಪದ ಪಕ್ಕದಲ್ಲೇ ಹಕ್ಕಿ. ಒಂದು ಗಳಿಗೆ ಅವನಿಗೆ ಅವೆಲ್ಲ ಮೆಲ್ಲಗೆ ಚಲಿಸಿದಂತೆಯೇ ಕಂಡಿತು. ಆಮೇಲೆ, ಈ ಮಂಚದ ಮೇಲೆ ಕನಸು ಬೀಳಲು ನಿದ್ದೆಯೇ ಬೇಕಿಲ್ಲ ಎಂದು ಹೊಳೆಯಿತು. ಎಡಕ್ಕೆ ಹೊರಳಿ ನೋಡಿದ. ಸುರುಳಿ ಬಿಚ್ಚಿಕೊಂಡೇನೋ ಬಂತು, ಆದರೆ ತೊಡೆಗೆ ಅಂಟಿದ ಕಡೆ ಕೊಳವೆ ತಿರುಚಿಕೊಂಡು ಜಗ್ಗಿತು.

ಅಕ್ಕ ಒದ್ದೆಗೂದಲಿನಲ್ಲಿ ಬಾಗಿಲಿಗೆ ಬಂದವಳು ಅವನನ್ನು ನೋಡಿದಳು, ಛಾವಣಿಯನ್ನೂ ನೋಡಿದಳು.

“ನಾನು ಸಿಕ್ಕಿಬಿದ್ದೆ ಅನ್ನು,” ಎಂದಳು.

“ಯಾಕಕ್ಕ ಹೀಗೆ ಮಾಡಿದೆ?”

“ದಿನಾ ಬೆಳಿಗ್ಗೆ ಚಹಾ ಹಿಡ್ಕೊಂಡು, ರಿಸಲ್ಟ್ ಕೇಳೋಕೆ ಬಂದ ಹುಡುಗನ ಹಾಗೆ ನಿಲ್ತೀಯ. ಆ ಮುಖ ನೋಡ್ಕೊಂಡು ಕಣ್ಣೇ ಮುಚ್ಚಿಲ್ಲ ಅಂತ ಹೇಗೆ ಹೇಳ್ಲಿ? ನೀನಾದ್ರೂ ನಿದ್ದೆ ಮಾಡ್ಲಿ ಅಂತ.”

“ರಾತ್ರಿಯೆಲ್ಲ ಕೂತು ಕತೆ ಕಟ್ತಿದ್ಯಾ?”

“ಕೂತಲ್ಲ, ಮಲಗಿ,” ಎಂದು ಅಕ್ಕ ನಕ್ಕಳು. ಅವನಿಗೆ ನಗು ಬರಲಿಲ್ಲ. ಎದ್ದು ಫೋನು ತೆಗೆದುಕೊಂಡ.

“ಸಾರ್, ಅಚ್ಚು ಬೇಡ. ನಿಲ್ಲಿಸಿ.”

“ಯಾಕಪ್ಪಾ? ಕುದುರೆ ಏನಾಯ್ತು?”

“ಕುದುರೆ ಛಾವಣಿಗೆ ಅಂಟ್ಕೊಂಡಿದೆ ಸಾರ್.”

ಯಜಮಾನರು ಸಿಡಿಮಿಡಿಗೊಂಡರು, ಆದರೆ ನಿಲ್ಲಿಸಿದರು. ಅದಾದ ಮೇಲೆ ತಮ್ಮ ದಿನವೂ ಸ್ವಲ್ಪ ಹೊತ್ತು ಆ ಕುದುರೆಯ ಕೆಳಗೆ ಮಲಗಿ ಎಡಕ್ಕೆ, ಬಲಕ್ಕೆ ಹೊರಳಿದ. ಎಲ್ಲಿ ಜಗ್ಗುತ್ತದೆ ಎಂದು ಮೈಯಿಂದಲೇ ತಿಳಿದುಕೊಂಡ. ಸುರುಳಿಯನ್ನು ಕೈಬಿಡದೆ, ತೊಡೆಗೆ ಅಂಟುವ ಪಟ್ಟಿಯಲ್ಲಿ ಅಂಗಿಯ ಗುಂಡಿಯಷ್ಟು ಪುಟ್ಟ ತಿರುಗುವ ಕೀಲು ಕೂರಿಸಿದ. ಮೈ ಹೊರಳಿದ ಕಡೆಗೆ ಕೊಳವೆಯೂ ಸುಮ್ಮನೆ ತಿರುಗಬೇಕು. ಡಾಕ್ಟರು ನೋಡಿ ಒಪ್ಪಿದರು. ಅಕ್ಕ ಮಾತ್ರ, “ಏನಪ್ಪಾ ವಿಜ್ಞಾನಿ, ಇದಕ್ಕೆ ಯಾವ ಕನಸು ಹೇಳ್ಬೇಕು ಈಗಲೇ ಹೇಳಿಬಿಡು,” ಎಂದು ರೇಗಿಸುತ್ತ ಹಾಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಚಹಾ ಹಿಡಿದು ಬಂದಾಗ ಮಂಚದ ಮೇಲೆ ಬರೀ ಬೆನ್ನು ಕಂಡಿತು. ಅಲ್ಲೇ ನಿಂತ. ಚಹಾ ಆರಿ ಕೆನೆ ಕಟ್ಟಿತು. ಬಿಸಿಲು ಗೋಡೆಯಿಂದ ಇಳಿದು ಹೊದಿಕೆಯ ಮೇಲೆ ಬಂದು ಕೂತಿತು. ಕೊನೆಗೆ ಅಕ್ಕ ಈಚೆಗೆ ಹೊರಳಿ, ಕಣ್ಣುಜ್ಜಿಕೊಂಡು ಬೈದಳು. “ಎಷ್ಟು ಹೊತ್ತಾಯ್ತೋ? ಎಬ್ಬಿಸೋಕೆ ಏನು ಧಾಡಿ ನಿಂಗೆ?”

“ಇವತ್ತು ಯಾವ ಕನಸಕ್ಕ?”

ಅಕ್ಕ ಅಭ್ಯಾಸಬಲದಿಂದ ಛಾವಣಿಯ ಕಡೆ ಕಣ್ಣೆತ್ತಿದಳು. ತುಸು ಹೊತ್ತು ಹುಡುಕಿದಳು.

“ಒಂದೂ ಇಲ್ಲ ಕಣೋ,” ಎಂದಳು, ಏನೋ ತಪ್ಪು ಮಾಡಿದವಳ ಹಾಗೆ. ಅವಳ ಎಡಗೆನ್ನೆಯ ಮೇಲೆ, ಕಿವಿಯಿಂದ ತುಟಿಯವರೆಗೆ, ದಿಂಬಿನ ಅಂಚಿನ ಹೊಲಿಗೆ ಕೆಂಪಗೆ ಮೂಡಿತ್ತು.