ದಡದ ಬಾಗಿಲು

ಸಮುದ್ರ ನಮ್ಮ ಊರುಗಳನ್ನೆಲ್ಲ ನುಂಗಿದ ಮೇಲೆ ನಾವು ಹಡಗಿನಲ್ಲೇ ಬಾಳುತ್ತ ಇಂಗ್ಲಿಷ್ ಕಲಿಯುತ್ತಿದ್ದೆವು. ದಡದ ಬಾಗಿಲು ಅದೊಂದೇ ಭಾಷೆಗೆ ತೆರೆಯುತ್ತಿತ್ತು. ಅದು ಕೇಳುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು ಇನ್ನೊಂದು ವರ್ಷ ಕಡಲು ಸುತ್ತಬೇಕು.

ಯಮುನಕ್ಕನ ಇಂಗ್ಲಿಷ್ ನಮ್ಮೆಲ್ಲರದಕ್ಕಿಂತ ಚೆನ್ನಾಗಿತ್ತು. ಆದರೂ ಹೋದ ವರ್ಷ ಬಾಗಿಲು ಅವರನ್ನು ಹಿಂದಕ್ಕೆ ಕಳಿಸಿತ್ತು. ಈಗ ಬಾಗಿಲಾಚೆ ಅವರ ಮಗಳು, ದಿನ ತುಂಬಿದ ಬಸುರಿ, ಕಾಯುತ್ತಿದ್ದಳು.

ಹಡಗು ಬಿಡುತ್ತೀರಾ ಎಂದು ಬಾಗಿಲು ಇಂಗ್ಲಿಷಿನಲ್ಲಿ ಕೇಳಿತು.

ಯಮುನಕ್ಕ, ಹಡಗಿನಲ್ಲಿ ನಮಗೆಲ್ಲ ಇಂಗ್ಲಿಷ್ ಕಲಿಸಿ ಈಗ ಹಿಂದೆ ನಿಂತಿದ್ದ ಫಿಲೋಮಿನಾ ಟೀಚರ ಮುಖ ನೋಡಿದರು. "ಐ ವಿಲ್ ಗೋ ಅಂಡ್ ಕಮ್" ಎಂದುಬಿಟ್ಟರು.

ಕೆಂಪು ದೀಪ ಹತ್ತಿತು. ಹಡಗಿಗೆ ಮರಳಿ ಬರುತ್ತೇನೆಂದವರನ್ನು ಬಾಗಿಲು ಒಳಗೆ ಬಿಡುವುದಿಲ್ಲ.

"ಅಯ್ಯೋ ಮಾರಾಯ್ತಿ, ಮತ್ತೆ ಅದೇ! 'ಐ ಆಮ್ ಗೋಯಿಂಗ್' ಅಂತ ಹೇಳ್ಲಿಕ್ಕೆ ಎಂತ ಕಷ್ಟ ನಿಮಗೆ?" ಎಂದರು ಟೀಚರ್.

"ಜ್ವರ ಬಂದಾಗ ಗಂಜಿ ಕುಡಿಸಿದವರು ನೀವು. ನಿಮ್ಮ ಮುಖ ನೋಡಿಕೊಂಡು 'ಹೋಗ್ತೇನೆ' ಅಂತ ಹ್ಯಾಗೆ ಹೇಳುದು ಟೀಚರೇ? ಹಾಗೆ ಹೋಗುದು ಸತ್ತವರು ಮಾತ್ರ."

ಬಾಗಿಲು ಕೊನೆಯ ಸಲ ಕೇಳಿತು.

ಟೀಚರ್ ಕಡಲಿನ ಕಡೆ ತಿರುಗಿ ನಿಂತರು. "ನಾನಿಲ್ಲಿ ಇಲ್ಲವೇ ಇಲ್ಲ. ನೀವು ಬಾಗಿಲಿಗೆ ಹೇಳಿ" ಎಂದು ಎರಡೂ ಕಿವಿ ಮುಚ್ಚಿಕೊಂಡು, ಗಟ್ಟಿಯಾಗಿ ಎ ಬಿ ಸಿ ಡಿ ಒದರತೊಡಗಿದರು. ನಾವೂ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ, ಕಿವಿ ಮುಚ್ಚಿ, ಅವರೊಡನೆ ದನಿಗೂಡಿಸಿದೆವು.

ಯಮುನಕ್ಕ ಏನು ಹೇಳಿದರೆಂದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. ತಿರುಗಿದಾಗ ಹಸಿರು ದೀಪ ಉರಿಯುತ್ತಿತ್ತು. ಅವರು ಆಚೆ, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದರು.